ಹಾನಗಲ್ಲಿಗೆ ಕಳಿಸಿದ ಮಗ

ಹತ್ತಿಮತ್ತೂರು
ನವೆಂಬರ್ 6, 2023

ಪ್ರೀತಿಯ ಸರೋಜಾ,

ನೀಲಾಂಬಿಕಾ ಮಾಡೂ ನಮಸ್ಕಾರ. ಹೋದ ವರ್ಷ ಸವಣೂರ ಬಸ್‌ಸ್ಟ್ಯಾಂಡಿನ್ಯಾಗ ಸಿಕ್ಕಾಗ ನೀ ವಿಳಾಸ ಕೊಟ್ಟಿದ್ದಿ. ಇಷ್ಟು ದಿನ ಒಂದ ಅಕ್ಷರ ಬರೀಲಿಲ್ಲ, ಈಗ ಕೆಲಸ ಬಿತ್ತು ಅಂತ ಬರಿಯಾಕತ್ತೇನಿ. ನೀ ಬೈದ್ರೂ ಬೈಸಿಕೊಳ್ತೇನಿ. ಶಿಗ್ಗಾವಿ ಹಾಸ್ಟೆಲ್ಲಿನ್ಯಾಗ ಒಂದ ಕೌದಿ ಹೊಚಗೊಂಡು ಮಲಗಿದಾವ್ರು ನಾವು, ನಿನ್ನ ಮುಂದ ನನಗೆಂಥಾ ನಾಚಿಕಿ.

ಫೋನ್ ಹಚ್ಚಬೇಕಂತ ಮಾಡಿದ್ದೆ. ಆದ್ರ ನಮ್ಮದು ತುಂಬಿದ ಮನಿ, ಪಡಸಾಲ್ಯಾಗ ಕೆಮ್ಮಿದ್ರ ಹಿತ್ತಲಕ್ಕ ಕೇಳಸ್ತೈತಿ. ಬರದ್ರ ಹಂಗಿಲ್ಲ.

ನನ್ನ ಮಗಳು ಅಂಕಿತಾಗ ಒಂದು ಸಂಬಂಧ ಕೂಡಿ ಬಂದೈತಿ. ಹಿರೇಕೆರೂರಿನವ್ರು, ಬೀಜದ ಅಂಗಡಿ ಐತಿ, ದೊಡ್ಡ ಮನಿತನ. ಹುಡುಗನ ಹೆಸರು ಚನ್ನೇಶ, ನೋಡಾಕ ಮಾತಾಡಾಕ ಛಲೋ ಅದಾನ. ಈ ತಿಂಗಳ ಕಡೀಕ ನಿಶ್ಚಯ ಮಾಡ್ಬೇಕಂತ ಮಾಡ್ಯಾರ.

ನನ್ನ ಮಗ ಸುದೀಪನ ಬಗ್ಗೆ ನಿನಗ ಅವತ್ತ ಹೇಳಿದ್ದೆ. ಅಂಕಿತಾಗಿಂತ ಎರಡು ವರ್ಷಕ್ಕ ದೊಡ್ಡಾಂವ, ಆದ್ರ ಹುಟ್ಟಿದಾಗಿಂದ ಅವನ ಬುದ್ಧಿ ಸಣ್ಣ ಕೂಸಿನಂಗ. ನಮ್ಮ ಮನಿಯವ್ರು ಹಿರೇಕೆರೂರಿನವ್ರ ಮುಂದ, ನಮಗ ಒಬ್ಬಾಕೇ ಮಗಳು, ಬ್ಯಾರೆ ಮಕ್ಕಳಿಲ್ಲ ಅಂತ ಹೇಳಿಬಿಟ್ಟಾರ. ನನಗ ಗೊತ್ತಾಗೂದರಾಗ ಮಾತು ಮುಗದು ಸಕ್ಕರಿ ಹಂಚಿ ಆಗಿತ್ತು. ಮೊದಲಾದ್ರ ಮಂದಿ ಬಂದಾಗ ಅವನ ಕೈಯಾಗ ಒಂದಿಷ್ಟು ಶೇಂಗಾ ಕೊಟ್ಟು ಹಿಂದಿನ ಖೋಲ್ಯಾಗ ಕುಂದ್ರಸ್ತಿದ್ದೆ. ಈಗ ಅಂವ ಕುಂದ್ರಂಗಿಲ್ಲ. ಹೊಸಬರು ಬಂದ್ರ ಓಡಿ ಹೋಗಿ ಕೈ ಹಿಡೀಬೇಕು, ಹೆಸರು ಕೇಳಬೇಕು.

ನೀ ಇಂಥಾ ಮಕ್ಕಳನ್ನ ನೋಡಿಕೊಳ್ಳೂ ಮನಿ ನಡಸ್ತೀಯಲ್ಲ, ನಿಶ್ಚಯ ಮುಗಿಯೂತನಕ ಅವನ್ನ ಇಟ್ಟುಕೊಳ್ತೀಯೇನು? ಅಂವ ಯಾರಿಗೂ ತ್ರಾಸ ಕೊಡಾಂವಲ್ಲ. ನೀ ಒಲ್ಲೆ ಅಂದ್ರ ನಾ ಎಲ್ಲಿಗೆ ಹೋಗಲಿ, ತಿಳೀವಲ್ದು.

ನಿನ್ನ
ನೀಲಾ


ಹಾನಗಲ್ಲ
ನವೆಂಬರ್ 11, 2023

ಪ್ರಿಯ ನೀಲಾ,

ನಿನಗ ಸಮಾಧಾನ ಇರಲಿ. ಕಾಗದ ಮುಟ್ಟಿತು. ನಿನ್ನ ಅಕ್ಷರ ನೋಡಿ ಮೊದಲ ನಕ್ಕೆ, ಈಗೂ ‘ಳ’ ಬರಿಯೂ ಮುಂದ ಬಾಲಾ ಉದ್ದ ಎಳೀತಿ. ಆಮ್ಯಾಲೆ ಪೂರ್ತಿ ಓದಿದೆ.

ಕರಕೊಂಡು ಬಾ. ಕೇಳೂದೇನೈತಿ? ನಮ್ಮದು ಹಂಚಿನ ಮನಿ, ಎರಡ ಖೋಲಿ, ಮುಂದ ಒಂದು ಕಟ್ಟಿ. ದಿನಾ ಬಂದು ಹೋಗೂ ಮಕ್ಕಳು ಒಂದಿಷ್ಟು, ಇಲ್ಲೇ ಇರಾವ್ರು ಒಂದಿಷ್ಟು. ನಮ್ಮ ಚರ್ಚಿನವ್ರು ಅಕ್ಕಿ ಬ್ಯಾಳಿ ನೋಡಿಕೊಳ್ತಾರ, ಉಳಿದದ್ದು ಹೆಂಗೋ ನಡೀತೈತಿ.

ನಾ ಈ ಕೆಲಸಕ್ಕ ಯಾಕ ಬಿದ್ದೆ ಅಂತ ಬಸ್‌ಸ್ಟ್ಯಾಂಡಿನ್ಯಾಗ ಕೇಳಿದ್ದಿ. ಅಷ್ಟರಾಗ ನಿನ್ನ ಬಸ್ಸು ಬಂತು, ಹೇಳೂದು ಉಳೀತು. ನನ್ನ ಸಾಕಿದ ಸಲೋಮವ್ವ ದವಾಖಾನಿಯಾಗ ನರ್ಸ್ ಇದ್ದಾಕಿ ಅನ್ನೂದು ನಿನಗ ಗೊತ್ತೈತಿ. ನನ್ನನ್ನ ಯಾರೋ ಹಳೇ ಅರಿವ್ಯಾಗ ಸುತ್ತಿ ಅಲ್ಲಿ ಗ್ವಾಡಿ ಮಗ್ಗಲಕ್ಕ ಇಟ್ಟು ಹೋಗಿದ್ರು. ಆಕಿ ಎತ್ತಿಕೊಂಡಾಗ ಮಂದಿ ಕೂಡಿ, ‘ಯಾರ ಕೂಸು ಇದು, ಯಾವ ಪೈಕಿ?’ ಅಂತ ಕೇಳಿದ್ರಂತ. ಆಕಿ, ‘ಹಸದೈತಿ. ಮೊದಲ ಹಾಲು ತರ್ರಿ’ ಅಂದ್ಲಂತ. ಆಕಿ ನನಗ ಕಲಿಸಿದ ಧರ್ಮ ಅಷ್ಟ ನೋಡು. ಉಳಿದದ್ದನ್ನ ನಾ ಆಮ್ಯಾಲೆ ಓದಿ ತಿಳಕೊಂಡೆ.

ಒಂದ ಮಾತು. ಸುದೀಪ, ನಾ ಇಲ್ಲಿಗೆ ಯಾಕ ಬಂದೆ ಅಂತ ಕೇಳಿದ್ರ ನಾ ಏನ ಹೇಳಲಿ? ನೀನ ಹೇಳಿಕೊಟ್ಟು ಹೋಗು. ನಾ ಸುಳ್ಳ ಹೇಳಿದ್ರ ಮುಖದ ಮ್ಯಾಲೆ ಕಾಣಸ್ತೈತಿ ಅಂತ ನೀನ ನಗತಿದ್ದಿ.

ನಿನ್ನ ಗೆಳತಿ
ಸರೋಜಾ


ಹಾನಗಲ್ಲ
ನವೆಂಬರ್ 27, 2023

ಪ್ರಿಯ ನೀಲಾ,

ನೀ ಅವನ್ನ ಬಿಟ್ಟು ಹೋಗೂ ಮುಂದ ಹಿಂದ ತಿರುಗಿ ನೋಡಲಿಲ್ಲ. ನೋಡಿದ್ರ ಹೋಗಾಕ ಆಗ್ತಿರಲಿಲ್ಲ ಅನ್ನೂದು ನನಗ ತಿಳೀತು. ಅವಂಗ ತಿಳೀಲಿಲ್ಲ. ಗೇಟಿನ ಸರಳ ಹಿಡಕೊಂಡು ನಿಂತ. ‘ಅವ್ವ ಖಾರಾ ತರಾಕ ಸವಣೂರಿಗೆ ಹೋಗ್ಯಾಳ’ ಅಂತ ಮಕ್ಕಳಿಗೆಲ್ಲಾ ಹೇಳಿದ. ನೀ ಹಂಗ ಹೇಳಿ ಹೋದ್ಯೋ, ಅವನ ಕಟ್ಟಿಕೊಂಡನೋ ಗೊತ್ತಿಲ್ಲ. ನಾ ಹೌದಂತನೂ ಅನಲಿಲ್ಲ, ಅಲ್ಲಂತನೂ ಅನಲಿಲ್ಲ.

ಈಗ ಹೊಂದಿಕೊಂಡಾನ, ಕಾಳಜಿ ಮಾಡಬ್ಯಾಡ. ಮುಂಜಾನೆ ಎದ್ದು ಹಾಲಿನವನ ಮೋಟರ್‌ಸೈಕಲ್ ಅರಿವಿ ತಗೊಂಡು ವರಸ್ತಾನ. ‘ಅಪ್ಪನ ಗಾಡೀನೂ ನಾನ ವರಸೂದು’ ಅಂದ. ಹಾಲಿನವ ಮೊದಲ ದಿನ ಗಾಬರ್ಯಾದ, ಈಗ ಗಾಡಿ ನಿಲ್ಲಿಸಿ ಕಾಯ್ತಾನ.

ನಮ್ಮಲ್ಲಿ ಮದಿಹಾ ಅಂತ ಸಣ್ಣ ಹುಡುಗಿ ಅದಾಳ. ಸವಣೂರಿನಾಕಿ. ಏಳಾಕ ಬರಂಗಿಲ್ಲ, ಮಾತಿಲ್ಲ, ಕತ್ತು ನಿಂದ್ರಂಗಿಲ್ಲ. ಅವರಪ್ಪ ವಸೀಮ ಶುಕ್ರವಾರಕ್ಕೊಮ್ಮೆ ಬಂದು ಎದಿಗೆ ಹಚ್ಚಿಕೊಂಡು ಕುಂದರ್ತಾನ. ಸುದೀಪ ಆಕೀ ಮಗ್ಗಲಕ್ಕ ಹಾಸಿಗಿ ಹಾಸಿಕೊಂಡಾನ. ಯಾರೂ ಹೇಳಿಲ್ಲ.

ನಿಶ್ಚಯ ಛಂದಾಗಿ ಆಗಲಿ ಅಂತ ಪ್ರಾರ್ಥನಾ ಮಾಡೇನಿ. ಅಂಕಿತಾಗ ನನ್ನ ಆಶೀರ್ವಾದ.

ಸರೋಜಾ


ಹತ್ತಿಮತ್ತೂರು
ಡಿಸೆಂಬರ್ 8, 2023

ಪ್ರೀತಿಯ ಸರೋಜಾ,

ನಿಶ್ಚಯ ಆತು. ಹಿರೇಕೆರೂರಿನಿಂದ ಮೂರು ಗಾಡಿ ತುಂಬ ಮಂದಿ ಬಂದಿದ್ರು. ಅಂಕಿತಾ ಹಸರು ಸೀರ್ಯಾಗ ಎಷ್ಟು ಛಂದ ಕಾಣತಿದ್ಲು. ನಮ್ಮ ಮನಿಯವ್ರು ಬಾಳ ಖುಷಿಯಾಗಿದ್ರು, ಬಂದವ್ರಿಗೆಲ್ಲಾ ತಾವ ನಿಂತು ಬಡಿಸಿದ್ರು.

ಅಣ್ಣ ಎಲ್ಲಿ ಅಂತ ಅಂಕಿತಾ ಕೇಳಿದ್ಲು. ಕೆಲಸಾ ಕಲಿಸೂ ಶಾಲಿಗೆ ಹಾಕೇವಿ, ಈಗಷ್ಟ ಹೊಂದಿಕೊಳ್ಳಾಕತ್ತಾನ, ನಡುವ ಕರಕೊಂಡು ಬಂದ್ರ ಮತ್ತ ಹೋಗಂಗಿಲ್ಲ ಅಂತ ಹೇಳೇವಿ. ಆಕಿ ನಂಬ್ಯಾಳ. ಆದ್ರ ನಿಶ್ಚಯದ ಹಿಂದಿನ ದಿನಾನ ವೀಳ್ಯದೆಲಿ ಮಾರೂ ರಹಿಮಾಬಿ ಎಲಿ ಕೊಡಾಕ ಬಂದಾಕಿ ಬಾಗಿಲದಾಗ ನಿಂತು, ‘ಸುದೀಪಪ್ಪ ಎಲ್ಲ್ಯದಾನ್ರಿ ಬಾಯಾರ? ಅಂವ ಎಲಿ ಎಣಿಸದಿದ್ರ ನನಗ ಸಮಾಧಾನಿಲ್ಲ’ ಅಂದ್ಲು. ಅವಂಗ ಎಣಿಸಾಕ ಎಲ್ಲಿ ಬರ್ತೈತಿ, ಕೈಯಾಗ ಹಿಡದು ಏನೇನೋ ಅಂತಿರ್ತಾನ. ಆಕಿ ಸವಣೂರ ತೋಟದಿಂದ ಎಲಿ ತರೂದು, ಇಂವ ಎಣಿಸೂದು, ನಾ ಅಡಗಿ ಮನ್ಯಾಗ ಕುಂತು ಕೇಳೂದು, ಇಷ್ಟ ವರ್ಷ ನಡದೈತಿ. ನಾ ‘ಊರಿಗೆ ಹೋಗ್ಯಾನ’ ಅಂದೆ.

ಮದಿವಿ ಏಪ್ರಿಲ್ ತಿಂಗಳದಾಗ. ಅಲ್ಲೀತನಕ ಅವನ್ನ ಅಲ್ಲೇ ಇಟ್ಟುಕೋ ಅಂತ ಇವರು ಹೇಳಾಕತ್ತಾರ. ಇಟ್ಟುಕೊಳ್ತಿ, ಹೌದಲ್ಲ?

ನೀಲಾ


ಹಾನಗಲ್ಲ
ಡಿಸೆಂಬರ್ 28, 2023

ಪ್ರಿಯ ನೀಲಾ,

ಕ್ರಿಸ್ಮಸ್ ಹಬ್ಬ ಮುಗೀತು. ಏಪ್ರಿಲ್‌ತನಕ ಇರಲಿ ಅಂದಿ, ಇರಲಿ. ಅವಂಗ ಹೇಳಿಲ್ಲ.

ಹಬ್ಬದ ದಿನ ನಡದದ್ದು ಹೇಳ್ತೇನಿ. ನಮ್ಮ ಚರ್ಚು ಸಣ್ಣದು, ಮಂದಿ ಚಾಪಿ ಮ್ಯಾಲೆ ಕುಂದರ್ತಾರ. ಈ ಸಲ ಊರಿನ ಒಬ್ಬ ದೊಡ್ಡ ಮನಶ್ಯಾ ಬರ್ತಾರ ಅಂತ ಮುಂದ ಬಿಳೇ ಅರಿವಿ ಹಾಸಿ ಒಂದು ಕುರ್ಚಿ ಇಟ್ಟಿದ್ರು. ಸುದೀಪ ನನ್ನ ಕೈ ಬಿಡಿಸಿಕೊಂಡು ನೆಟ್ಟಗ ಹೋಗಿ ಅದರಾಗ ಕುಂತ. ಹೊಸಾ ಅಂಗಿ ಹಾಕ್ಕೊಂಡಿದ್ದ, ಕಾಲ ಮ್ಯಾಲೆ ಕಾಲ ಹಾಕಿದ. ಸಭೆಯ ಹಿರಿಯರೊಬ್ಬರು ಅವನ್ನ ಎಬ್ಬಸಾಕ ಎದ್ರು. ಅವರನ್ನ ಯಾಕ ಅನ್ಲಿ, ನಾನೂ ಎದ್ದಿದ್ದೆ. ವರ್ಷಗಟ್ಟಲೆ ಈ ಮಕ್ಕಳ ಜೋಡಿ ಇದ್ದಾಕಿ, ನನಗೂ ನಾಚಿಕಿ ಆತು ನೋಡು.

ಪಾಸ್ಟರು ಮುಂದ ನಿಂತಲ್ಲಿಂದನ, ‘ಬಿಡ್ರಿ. ಆ ಕುರ್ಚಿ ಬಂದವ್ರಿಗೆ ಅಂತ ಇಟ್ಟದ್ದು. ಅಂವ ಬಂದಾನ’ ಅಂದ್ರು.

ಆಮ್ಯಾಲೆ ಆ ದೊಡ್ಡ ಮನಶ್ಯಾನೂ ಬಂದ್ರು. ಅವರಿಗೆ ಮಗ್ಗಲಕ್ಕ ಇನ್ನೊಂದು ಕುರ್ಚಿ ಹಾಕಿದ್ರು. ಪ್ರಾರ್ಥನಾ ನಡದಾಗ ಸುದೀಪ ಅವರ ಕೈ ಹಿಡದು ‘ನಿಮ್ಮ ಹೆಸರೇನ್ರಿ?’ ಅಂದ. ಅವರು ಪಿಸುಮಾತಿನ್ಯಾಗ ಹೇಳಿದ್ರು. ಅವರ ಹೆಸರು ಗೊತ್ತಿರಲಾರದಾಂವ ಹಾನಗಲ್ಲಿನ್ಯಾಗ ಸುದೀಪ ಒಬ್ಬನ ಇರಬೇಕು.

ಯೇಸುಸ್ವಾಮಿ ಹುಟ್ಟಿದ್ದು ದನಾ ಕಟ್ಟೂ ಜಾಗಾದಾಗ ಅಂತ ಪ್ರತಿ ವರ್ಷಾ ಹಾಡ್ತೇವಿ ನೀಲಾ. ಹಾಡಿ ಹೊರಗ ಬಂದು, ಯಾರನ್ನ ಮುಂದ ಕುಂದ್ರಸೂದು ಯಾರನ್ನ ಹಿಂದ ಕುಂದ್ರಸೂದು ಅಂತ ಹೊಯ್ದಾಡ್ತೇವಿ. ನಿನಗ ಬುದ್ಧಿ ಹೇಳಾಕತ್ತಿಲ್ಲ. ನನಗ ನಾನ ಹೇಳಿಕೊಂಡೆ.

ಸುದೀಪ ಗೇಟಿನ ಹತ್ರ ನಿಂದ್ರೂದು ಬಿಟ್ಟಾನ. ಛಲೋ ಅಂತ ತಿಳಕೋಬ್ಯಾಡ.

ಸರೋಜಾ


ಹತ್ತಿಮತ್ತೂರು
ಜನವರಿ 19, 2024

ಸರೋಜಾ,

ಎಳ್ಳು ಬೆಲ್ಲ, ಮಾದ್ಲಿ ಕಳಿಸೇನಿ. ಮಕ್ಕಳಿಗೆಲ್ಲಾ ಕೊಡು.

ಇವರು ಹೇಳಿದ್ದನ್ನ ಬರಿಯಾಕತ್ತೇನಿ. ಮದಿವಿ ಆದ ಮ್ಯಾಲೂ ಬೀಗರು ಬರ್ತಾ ಹೋಗ್ತಾ ಇರ್ತಾರ. ಇವತ್ತಿಲ್ಲ ನಾಳೆ ಗೊತ್ತಾದ್ರ ಅಂಕಿತಾನ ಬಾಳ್ವೆಗೆ ಕಷ್ಟ. ಅದಕ್ಕ ಸುದೀಪನ್ನ ಕಾಯಮ್ ನಿಮ್ಮಲ್ಲೇ ಇಟ್ಟುಕೊಳ್ಳಲಿ, ಅವನ ಹೆಸರಿನ್ಯಾಗ ನಿಮ್ಮ ಮನಿಗೆ ಎರಡು ಪಕ್ಕಾ ಖೋಲಿ ಕಟ್ಟಿಸಿ ಕೊಡ್ತೇನಿ, ಖರ್ಚಿನ ಚಿಂತಿ ಬ್ಯಾಡ ಅಂದಾರ. ಇವರು ಕೆಟ್ಟವ್ರಲ್ಲ ಸರೋಜಾ. ನಾಲ್ಕು ಮಂದಿ ಮುಂದ ತಲಿ ತಗ್ಗಿಸಿ ಇವರಿಗೆ ರೂಢಿ ಇಲ್ಲ.

ಅವನ ಸ್ವೆಟರ್ ಕಳಿಸೇನಿ. ಎಡಗಡೆ ತೋಳು ಅವಂಗ ಹಾಕ್ಕೊಳ್ಳಾಕ ಬರಂಗಿಲ್ಲ, ಒಂದ ಚೂರು ಹಿಡಿ.

ನೀಲಾ


ಹಾನಗಲ್ಲ
ಜನವರಿ 26, 2024

ಪ್ರಿಯ ನೀಲಾ,

ಮಾದ್ಲಿ ಮಕ್ಕಳು ಮುಕ್ಕಿದ್ರು. ಸುದೀಪ ಮೂಸಿ ನೋಡಿ ‘ಅವ್ವಂದು’ ಅಂದ. ಆಮ್ಯಾಲೆ ತಿನ್ನಲಿಲ್ಲ, ಹಂಗ ಕೈಯಾಗ ಹಿಡಕೊಂಡು ಕುಂತ.

ನಿಮ್ಮ ಮನಿಯವ್ರಿಗೆ ನನ್ನ ನಮಸ್ಕಾರ ಹೇಳು. ನಮಗ ಖೋಲಿ ಬೇಕು, ಸುಳ್ಳ ಯಾಕ ಹೇಳಲಿ, ಮಳಿ ಬಂದ್ರ ಹಾಸಿಗಿ ಎತ್ತಿಕೊಂಡು ಓಡ್ಯಾಡ್ತೇವಿ. ಸುದೀಪಂತೂ ಖೋಲಿಗಿಂತ ಹೆಚ್ಚು ಬೇಕು. ಮುಂಜಾನೆ ನನ್ನ ಚಪ್ಪಲಿ ಜೋಡಿಸಿ ಬಾಗಿಲಿಗೆ ಇಡಾಂವ ಇಷ್ಟ ವರ್ಷದಾಗ ನನಗ ಯಾರೂ ಇರಲಿಲ್ಲ. ಇಲ್ಲೇ ಇರಲಿ ಅಂತ ನನ್ನ ಜೀವ ಹಂಬಲಸ್ತೈತಿ.

ಆದ್ರ ನಾ ಒಲ್ಲೆ ನೀಲಾ.

ಇಲ್ಲಿರೂ ಮಕ್ಕಳಾಗ ಕೆಲವ್ರಿಗೆ ಯಾರೂ ಇಲ್ಲ. ಅವರಿಗೆ ನಾ ಅದೇನಿ. ಸುದೀಪಗ ಎಲ್ಲಾರೂ ಅದೀರಿ. ನೀವು ಬರೂತನಕ ಅಂವ ಇಲ್ಲಿ ಬಂದು ಹೋಗೂ ಪಾವ್ಹಣ್ಯಾ. ಒಂದ ವರ್ಷ ಇರಲಿ, ಹತ್ತ ವರ್ಷ ಇರಲಿ, ಹೊರಗ ಹಾಕಂಗಿಲ್ಲ. ಆದ್ರ ಕೈ ಬಿಟ್ಟೇವಿ ಅಂತ ನೀವು ಹೇಳೂದಕ್ಕ, ತಗೊಂಡೆ ಅಂತ ನಾ ಹೇಳಂಗಿಲ್ಲ. ಬಿಟ್ಟು ಹೋದ ಕೂಸು ಅನ್ನಿಸಿಕೊಳ್ಳೂದು ಹೆಂಗಿರತೈತಿ ಅನ್ನೂದು ನನಗ ಗೊತ್ತೈತಿ. ಎಷ್ಟ ಪ್ರೀತಿಲೆ ಸಾಕಿದ್ರೂ ಅದೊಂದು ಮುಳ್ಳು ಒಳಗ ಇರ್ತೈತಿ.

ಸಲೋಮವ್ವ ಹೇಳ್ತಿದ್ಲು, ದೇವರು ಮನಶ್ಯಾನ್ನ ಮಾಡೂ ಮುಂದ ತನ್ನ ಮುಖಾ ನೋಡಿಕೊಂಡು ಮಾಡ್ಯಾನ, ಆ ಮುಖಾ ಒಬ್ಬರಿಗೆ ಪೂರಾ ಒಬ್ಬರಿಗೆ ಅರ್ಧಾ ಅಂತ ಕೊಟ್ಟಿಲ್ಲ ಅಂತ. ನಿನ್ನ ಮಗಂಗೂ ಪೂರಾ ಕೊಟ್ಟಾನ. ನಿಮ್ಮ ಮನಿಯವ್ರಿಗೂ ಪೂರಾ ಕೊಟ್ಟಾನ. ಅವರು ಕೆಟ್ಟವ್ರಲ್ಲ ಅಂತ ನೀ ಬರದಿ, ನಾನೂ ಹಂಗ ನಂಬೇನಿ. ಅವರಿಗೆ ಅಂಜಿಕಿ ಐತಿ. ಗದ್ದಿ, ಮನಿ, ಮಾನ, ಇವೆಲ್ಲಾ ಕಳದು ಉಳಿಯೂ ಪರಮೇಶ್ವರಪ್ಪ ಅನ್ನೂ ನಿನ್ನ ಗಂಡ ಯಾರು ಅಂತ ಅವರಿಗೆ ಯಾರೂ ಹೇಳಿಲ್ಲ.

ಸ್ವೆಟರ್ ತೋಳು ಹಿಡೀತೇನಿ.

ನಿನ್ನ
ಸರೋಜಾ


ಹತ್ತಿಮತ್ತೂರು
ಫೆಬ್ರುವರಿ 13, 2024

ಪೂಜ್ಯ ಸರೋಜಾ ಚಿಗವ್ವಗ,

ನಿಮ್ಮ ಗೆಳತಿಯ ಮಗಳು ಅಂಕಿತಾಳ ನಮಸ್ಕಾರಗಳು. ನೀವು ನನ್ನ ನೋಡಿಲ್ಲ. ಒತ್ತಾಯ ಮಾಡಿ ಕೇಳಿದಾಗ ಅವ್ವ ಖರೇ ಹೇಳಿ ನಿಮ್ಮ ವಿಳಾಸ ಕೊಟ್ಲು, ಅಳಕೋಂತನ ಕೊಟ್ಲು.

ಹೋದ ವಾರ ಚನ್ನೇಶ ಫೋನ್ ಮಾಡಿದಾಗ, ‘ನೀ ಒಬ್ಬಾಕೇ ಮಗಳು, ಮದಿವ್ಯಾದ ಮ್ಯಾಲೆ ನಿಮ್ಮ ಅಪ್ಪ ಅವ್ವಗ ಬ್ಯಾಸರ ಆಗಬಾರದು, ತಿಂಗಳಿಗೊಮ್ಮೆ ಹೋಗಿ ಬರೂಣು’ ಅಂದ್ರು. ಪ್ರೀತಿಯಿಂದ ಅಂದ್ರು. ‘ನನಗ ಅಣ್ಣ ಅದಾನ’ ಅಂದೆ. ‘ಎಲ್ಲಿ?’ ಅಂದ್ರು. ಅಣ್ಣ ಹೆಂಗ ಅದಾನ, ಹಾನಗಲ್ಲಿನ ಶಾಲ್ಯಾಗ ಅದಾನ ಅಂತ ನನಗ ಗೊತ್ತಿದ್ದದ್ದನ್ನೆಲ್ಲಾ ಹೇಳಿದೆ. ಅವರು, ಆಮ್ಯಾಲೆ ಮಾಡ್ತೇನಿ ಅಂತ ಇಟ್ರು. ಇನ್ನೂ ಮಾಡಿಲ್ಲ.

ನಾನೂ ಮೂರ್ಖಿ. ಅಣ್ಣನ್ನ ಶಾಲಿಗೆ ಕಳಿಸೇವಿ ಅಂದಾಗ ಒಮ್ಮೆರೆ ಬಂದು ನೋಡಬೇಕಿತ್ತು. ಸೀರಿ, ಬಳಿ, ಫೋಟೋ ಅಂತ ಅದರಾಗ ಮುಳುಗಿದ್ದೆ. ಸಣ್ಣಾಕಿದ್ದಾಗ ನನ್ನ ಚೀಲಾ ಹೊತಗೊಂಡು ಸಾಲಿ ಬಾಗಿಲಕ್ಕ ಬಿಟ್ಟು ಬರಾಂವ ಅಂವ. ಹುಡುಗರು ಕಲ್ಲು ಒಗದ್ರೂ ದಿನಾ ಬರತಿದ್ದ.

ಅಪ್ಪಗ ಇನ್ನೂ ಹೇಳಿಲ್ಲ. ಹಿರೇಕೆರೂರಿಂದ ಏನು ಬರತೈತೋ ನೋಡೂಣು. ಅಣ್ಣಗ ನಾ ಬರ್ತೇನಿ ಅಂತ ಹೇಳ್ರಿ. ಬ್ಯಾಡ, ಹೇಳಬ್ಯಾಡ್ರಿ. ದಿನಾ ದಾರಿ ಕಾಯ್ತಾನ. ಬಂದ ದಿನಾನ ನೋಡಲಿ.

ನಿಮ್ಮ ಮಗಳಂಥಾಕಿ
ಅಂಕಿತಾ


ಹಾನಗಲ್ಲ
ಮಾರ್ಚ್ 4, 2024

ಮಗಳ ಅಂಕಿತಾ,

ನೀ ಬಂದು ಹೋದ ಮ್ಯಾಲೆ ನಿಮ್ಮ ಅಣ್ಣ ಎಲ್ಲಾರಿಗೂ ‘ನಮ್ಮ ತಂಗಿ ಕಾರು ಓಡಸ್ತಾಳ’ ಅಂತ ಹೇಳ್ಯಾನ. ನೀ ಬಸ್ಸಿನ್ಯಾಗ ಬಂದಿದ್ದಿ ಅಂದ್ರ ಕೇಳವಲ್ಲ.

ನಿನಗ ಒಂದು ಸುದ್ದಿ ಹೇಳಬೇಕು. ಶನಿವಾರ ಮಧ್ಯಾಹ್ನ ಒಬ್ಬ ಹುಡುಗ ಬಂದಿದ್ದ. ಎತ್ತರ, ಕನ್ನಡಕ ಹಾಕ್ಯಾನ, ಅಂಗಡೀಲಿಂದ ನೆಟ್ಟಗ ಬಂದವ್ರಂಗ ಅಂಗಿ ಮ್ಯಾಲೆ ಧೂಳು. ಸಂಸ್ಥೆ ನೋಡಿ ಹೋಗಾಕ ಬಂದೇನ್ರಿ ಅಂದ. ಸುದೀಪ ಅಷ್ಟರಾಗ ಹೋಗಿ ಅವನ ಕೈ ಹಿಡದು ಹೆಸರು ಕೇಳಿದ. ‘ಚನ್ನೇಶ’ ಅಂದ. ಅವಾಗ ನನಗ ತಿಳೀತು. ತಿಳದದ್ದು ಅವಂಗೂ ತಿಳೀತು.

ಬಾಳ ಹೊತ್ತು ಕಟ್ಟಿ ಮ್ಯಾಲೆ ಕುಂತಿದ್ದ. ಸುದೀಪ ಅವನ ಕನ್ನಡಕ ತಗದು ತಾ ಹಾಕ್ಕೊಂಡು ನೋಡಿದ, ಕಣ್ಣು ತಿರುಗಿತು ಅಂತ ನಕ್ಕ. ಅವನೂ ನಕ್ಕ. ಆಮ್ಯಾಲೆ ನನ್ನ ಕಡೆ ತಿರುಗಿ ಸಣ್ಣ ದನಿಯಾಗ, ‘ಇದು ರಕ್ತದಾಗ ಬರತೈತೇನ್ರಿ ಅಕ್ಕೋರ?’ ಅಂತ ಕೇಳಿದ. ‘ಬಹಳ ಮಟ್ಟಿಗೆ ಹಂಗ ಬರಂಗಿಲ್ಲಪಾ, ನನ್ನ ಮಾತ ಬಿಡು, ದೊಡ್ಡ ಡಾಕ್ಟರನ್ನ ಕೇಳು’ ಅಂದೆ. ‘ಮುಂದ ಇವರನ್ನ ಯಾರು ನೋಡಿಕೊಳ್ತಾರ?’ ಅಂದ. ಅದು ನಾ ಕೊಡೂ ಉತ್ತರ ಅಲ್ಲ.

ಹೋಗೂ ಮುಂದ ಸುದೀಪನ ಹೆಗಲ ಮ್ಯಾಲೆ ಕೈ ಇಟ್ಟ. ಹುಡುಗ ಕೆಟ್ಟವಲ್ಲ ಮಗಳ. ಧೈರ್ಯ ಐತೋ ಇಲ್ಲೋ ಅದು ಬ್ಯಾರೆ ಮಾತು.

ದೇವರು ನಿನ್ನ ಕಾಯಲಿ.

ಸರೋಜಾ ಚಿಗವ್ವ


ಹತ್ತಿಮತ್ತೂರು
ಮಾರ್ಚ್ 25, 2024

ಪ್ರೀತಿಯ ಸರೋಜಾ,

ಸಂಬಂಧ ಮುರೀತು. ಮಾತು ಕೂಡಿಸಿದ ಹಿರಿಯರು ಬಂದು ಪಡಸಾಲ್ಯಾಗ ಕುಂತು ಹೇಳಿದ್ರು. ಮುಚ್ಚಿಟ್ಟದ್ದು ತಪ್ಪು, ಮೊದಲ ಹೇಳಿದ್ರ ವಿಚಾರ ಮಾಡತಿದ್ವಿ ಅಂತ ಹಿರೇಕೆರೂರಿನವ್ರು ಅಂದಾರಂತ. ವಿಚಾರ ಮಾಡತಿದ್ರೋ ಇಲ್ಲೋ ದೇವರಿಗೆ ಗೊತ್ತು. ಚನ್ನೇಶ ಅಂಕಿತಾಗ, ‘ನಿಮ್ಮ ಅಣ್ಣ ನನಗ ಮನಸಿಗೆ ಬಂದಾರ. ನಮ್ಮ ಮನಿಯವ್ರ ಮುಂದ ನಿಂದ್ರಾಕ ನನ್ನ ಕಡೆ ಆಗಲಿಲ್ಲ’ ಅಂತ ಮೆಸೇಜ್ ಮಾಡ್ಯಾನ. ಆಕಿ ಎರಡು ದಿನ ಅತ್ಲು. ಹುಡುಗನ್ನ ಇಷ್ಟಪಟ್ಟಿದ್ಲು, ತಾಯಿಯಾದಾಕಿಗೆ ಗೊತ್ತಾಗಂಗಿಲ್ಲೇನು.

ಅವತ್ತ ಇವರು ಅಂಕಿತಾನ ಮ್ಯಾಲೆ ಹರಿಹಾಯ್ದ್ರು. ‘ಬಾಯಿ ಮುಚ್ಚಿಕೊಂಡು ಇರಾಕ ಆಗಲಿಲ್ಲೇನು? ಯಾರ ಸಂಬಂಧ ಇಷ್ಟೆಲ್ಲಾ ಮಾಡಿದೆ ನಾ?’ ಅಂತ ಒದರಿದ್ರು. ಆಕಿ ತಲಿ ಎತ್ತಿ ಕೇಳಿದ್ಲು: ‘ಅಪ್ಪಾರ, ನಾಳೆ ನಿಮಗ ಲಕ್ವಾ ಹೊಡದು ಬಾಯಿ ಸೊಟ್ಟಗಾಗಿ ಜೊಲ್ಲು ಸುರದ್ರ, ಪಾವ್ಹಣ್ಯಾರು ಬಂದಾಗ ನಿಮ್ಮನ್ನೂ ಹಿಂದಿನ ಖೋಲ್ಯಾಗ ಕುಂದ್ರಸೂಣೇನ್ರಿ?’

ಸರೋಜಾ, ಮನಿ ತುಂಬ ಮಂದಿ ಇದ್ರು. ಇವರು ಎದ್ದು ಹೊರಗ ಹೋದ್ರು.

ನಾ ಮಾತ್ರ ಆಗ ಇಷ್ಟು ವರ್ಷ ಆಡಲಾರದ ಮಾತು ಆಡಿದೆ. ಇವರು ತಿರುಗಿ ಬಂದ ಮ್ಯಾಲೆ, ನೀರಿನ ಚರಗಿ ಕೈಯಾಗ ಕೊಟ್ಟು, ‘ಯುಗಾದಿ ಆದ ಕೂಡ್ಲೆ ನಾ ಹಾನಗಲ್ಲಿಗೆ ಹೋಗಿ ಸುದೀಪನ್ನ ಕರಕೊಂಡು ಬರ್ತೇನಿ. ನೀವು ಬ್ಯಾಡ ಅಂದ್ರ ಅಲ್ಲೇ ಅವನ ಜೋಡಿ ಇರ್ತೇನಿ’ ಅಂದೆ. ಇವರು ನೀರು ಕುಡದು ಚರಗಿ ಕೆಳಗಿಟ್ರು.

ಅವನ ಹಾಸಿಗಿ ಬಿಸಲಿಗೆ ಹಾಕೇನಿ.

ನೀಲಾ


ಹಾನಗಲ್ಲ
ಏಪ್ರಿಲ್ 5, 2024

ಪ್ರಿಯ ನೀಲಾ,

ಮಗಾ ಈಗ ನಿನ್ನ ಕಣ್ಣ ಮುಂದ ಅದಾನ. ಇಲ್ಲಿ ಏನು ನಡೀತು ಅಂತ ನಿಮ್ಮ ಮನಿಯವ್ರು ನಿನಗ ಹೇಳಿರಂಗಿಲ್ಲ, ಅದಕ್ಕ ಬರಿಯಾಕತ್ತೇನಿ.

ಮಂಗಳವಾರ ಮುಂಜಾನೆ ಮಕ್ಕಳ ನಾಷ್ಟಾ ನಡದಿತ್ತು. ಗೇಟಿಗೆ ಒಂದು ಗಾಡಿ ಬಂದು ನಿಂತಿತು, ಯಾರೂ ಇಳೀಲಿಲ್ಲ. ಬಾಳ ಹೊತ್ತಿನ ಮ್ಯಾಲೆ ಧೋತರದ ಹಿರಿಯರೊಬ್ಬರು ಇಳದು ಗಿಡದ ನೆರಳಿಗೆ ನಿಂತ್ರು. ಅವರ ಮೂಗು ನೋಡಿ ಯಾರಂತ ತಿಳೀತು, ಸುದೀಪಂದೂ ಅದ ಮೂಗು. ಯುಗಾದಿ ಆದ ಮ್ಯಾಲೆ ನೀ ಬರ್ತಿ ಅಂತ ನಾ ದಾರಿ ಕಾಯಾಕತ್ತಿದ್ದೆ, ಅದಕ್ಕಿಂತ ಮೊದಲ ಅವರ ಬಂದಿದ್ರು.

ಸುದೀಪ ಅವಾಗ ಮದಿಹಾಗ ಗಂಜಿ ಉಣಸಾಕತ್ತಿದ್ದ. ಆಕಿಗೆ ನುಂಗೂದು ತಡ. ಒಂದು ಚಮಚೆ ಹಾಕಿದ್ರ ಅರ್ಧಾ ಹೊರಗ ಬರತೈತಿ. ವರಸಿ, ಮತ್ತ ಹಾಕಿ, ಕಾಯ್ದು ಕುಂದ್ರಬೇಕು. ನಿಮ್ಮ ಮನಿಯ ಸಾವ್ಕಾರ್ರು ನೋಡಿದ್ರು. ನಾ ಹೋಗಿ ಒಳಗ ಬರ್ರಿ ಅಂದೆ. ‘ಇಂವ ಇಂಥಾ ಕೆಲಸಕ್ಕ ಬರ್ತಾನ ಅಂತ ನನಗ ಗೊತ್ತ ಇರಲಿಲ್ಲ ಅಕ್ಕೋರ’ ಅಂದ್ರು.

ಹೌದ್ರಿ ಅಂದು ಸುಮ್ಮನಾಗಬೇಕಿತ್ತು ನಾ. ಆಗಲಿಲ್ಲ.

‘ಸಾವ್ಕಾರ್ರ, ಆ ಹುಡುಗಿ ಯಾವ ಕೆಲಸಕ್ಕೂ ಬರಂಗಿಲ್ಲ. ಮುಂದೂ ಬರಂಗಿಲ್ಲ. ಆದ್ರೂ ಅವರಪ್ಪ ಪ್ರತಿ ಶುಕ್ರವಾರ ಬರ್ತಾನ. ಆಕಿ ಎಷ್ಟು ದೊಡ್ಡಾಕಿ ಅಂತ ಅವಂಗ ಗೊತ್ತೈತಿ. ನಿಮ್ಮ ಮಗಾ ಒಂದ ಕಡ್ಡಿ ಎತ್ತಿಡದಿದ್ರೂ ಅಂವ ಇಷ್ಟ ದೊಡ್ಡಾಂವ. ದೇವರು ಯಾರನ್ನೂ ಅವರು ಮಾಡೂ ಕೆಲಸಾ ನೋಡಿ, ಇರೂ ಆಸ್ತಿ ನೋಡಿ ಮಗಾ ಅನ್ನಂಗಿಲ್ರಿ’ ಅಂದೆ.

ಅವರು ಚಪ್ಪಲಿ ಬಿಟ್ಟು ಒಳಗ ಬಂದ್ರು.

ಸುದೀಪ ಅವರನ್ನ ನೋಡಿದ. ಓಡಿ ಬರ್ತಾನ ಅಂತ ನಾ ಅಂದುಕೊಂಡಿದ್ದೆ. ಬರಲಿಲ್ಲ ನೀಲಾ. ಮುಖಾ ತಿರುವಿದ. ‘ನೀ ಬರಲಿಲ್ಲ’ ಅಂದ. ಇಷ್ಟ ದಿನ ಅಂವ ಮರತಾನ, ಅವಂಗ ತಿಳಿಯಂಗಿಲ್ಲ ಅಂತ ನಾವೆಲ್ಲಾರೂ ತಿಳಕೊಂಡಿದ್ವಿ. ಎಲ್ಲಾ ತಿಳದೈತಿ ಅವಂಗ.

ಕುರ್ಚಿ ತರ್ತೇನಿ ಅಂದ್ರೂ ಬ್ಯಾಡ ಅಂದು ಸಾವ್ಕಾರ್ರು ನೆಲದ ಮ್ಯಾಲೆ ಮಗನ ಮಗ್ಗಲಕ್ಕ ಕುಂತ್ರು. ‘ಬರಬೇಕಿತ್ತಪಾ’ ಅಂದ್ರು. ಅಷ್ಟ ಅಂದದ್ದು. ಅಂವ ಗಂಜಿ ಬಟ್ಟಲ ಬಿಡಲಿಲ್ಲ. ಒಂದೊಂದ ಚಮಚೆ ಹಾಕಿ, ವರಸಿ, ಪೂರಾ ಮುಗಿಸಿದ. ಅಲ್ಲೀತನಕ ಅವರಪ್ಪ ಕಾಯ್ದ್ರು. ನಡುವ ಒಮ್ಮೆ ಮದಿಹಾನ ಗದ್ದದ ಮ್ಯಾಲೆ ಗಂಜಿ ಇಳೀತು, ಅರಿವಿ ಸುದೀಪನ ಕೈಗೆ ಸಿಗಲಿಲ್ಲ. ನಿಮ್ಮ ಮನಿಯವ್ರು ತಮ್ಮ ಹೆಗಲ ಮ್ಯಾಲಿನ ಟಾವೆಲ್ ತಗದು ಆಕೀ ಬಾಯಿ ವರಸಿದ್ರು. ಅವಾಗ ಸುದೀಪ ಅವರ ಮುಖಾ ನೋಡಿದ.

ಆಮ್ಯಾಲೆ ಎದ್ದು ಚೀಲಾ ತಂದ. ನನ್ನ ಕಾಲಿಗೆ ಬಿದ್ದ. ನಿಮ್ಮ ಮನಿಯವ್ರು ಖೋಲಿ ಮಾತು ತಗೀಲಿಲ್ಲ, ನಾನೂ ತಗೀಲಿಲ್ಲ. ಕೈ ಮುಗದ್ರು. ನಾನೂ ಮುಗದೆ.

ಇವತ್ತ ಮದಿಹಾ ಉಣ್ಣಾಕ ಒಲ್ಲೆ ಅಂತಾಳ. ನಾನೂ ಹಂಗ ಅದೇನಿ. ದಿನಾ ಹೋದಂಗ ಸರಿಹೋಗ್ತೇವಿ, ಇಬ್ಬರೂ. ನೀ ಸಂತೋಷದಿಂದ ಇರು.

ನಿನ್ನ
ಸರೋಜಾ


ಹತ್ತಿಮತ್ತೂರು
ಜೂನ್ 17, 2024

ಪ್ರೀತಿಯ ಸರೋಜಾ,

ನಿನ್ನ ಕಾಗದಕ್ಕ ಇಷ್ಟು ತಡಾ ಮಾಡಿ ಉತ್ತರ ಬರಿಯಾಕತ್ತೇನಿ. ಆ ಕಾಗದ ಎಷ್ಟು ಸಲ ಓದೇನಿ ಅಂತ ಕೇಳಬ್ಯಾಡ. ಇವರಿಗೆ ತೋರಿಸಿಲ್ಲ. ತಾವ ಒಂದು ದಿನ ಹೇಳಲಿ ಅಂತ ಕಾಯಾಕತ್ತೇನಿ.

ನಿನ್ನೆ ತಡಸದಿಂದ ಅಂಕಿತಾನ್ನ ನೋಡಾಕ ಬಂದಿದ್ರು. ಹುಡುಗ ಹೈಸ್ಕೂಲಿನ್ಯಾಗ ಮಾಸ್ತರ, ಸಾಧಾರಣ ಮನಿತನ. ನಾ ಸುದೀಪಗ ಹೊಸಾ ಅಂಗಿ ಹಾಕಿದೆ, ಆದ್ರ ಅವನ್ನ ಎಲ್ಲಿ ಕುಂದ್ರಸಲಿ ಅಂತ ನನಗ ತಿಳೀಲಿಲ್ಲ. ಅಡಗಿ ಮನಿ ಬಾಗಿಲದಾಗ ನಿಂತು ಇವರ ಮುಖಾ ನೋಡಿದೆ. ಇವರು ಅವನ್ನ ಕೈ ಹಿಡದು ಕರಕೊಂಡು ಹೋಗಿ ಮಂದಿ ನಡುವ ನಿಲ್ಲಿಸಿ, ‘ಇಂವ ಸುದೀಪ. ನನ್ನ ಹಿರೇ ಮಗ. ಮೊದಲ ಇವನ್ನ ನೋಡ್ರಿ, ಆಮ್ಯಾಲೆ ಮಗಳನ್ನ ಕರೀತೇನಿ’ ಅಂದ್ರು. ಒಂದ ಉಸಿರಿನ್ಯಾಗ ಅಂದುಬಿಟ್ರು. ನಡುವ ಉಸರು ತಗೊಂಡಿದ್ರ ಆಗ್ತಿರಲಿಲ್ಲ ಅನಸ್ತೈತಿ.

ಸುದೀಪ ಎಲ್ಲಾರ ಹೆಸರು ಕೇಳಿದ. ಹುಡುಗನ ತಾಯಿ ಸರದು ಅವಂಗ ಜಾಗಾ ಮಾಡಿಕೊಟ್ಲು. ಅವರು ಏನ ಹೇಳ್ತಾರೋ ಇನ್ನೂ ಗೊತ್ತಿಲ್ಲ. ತಿಳಿಸ್ತೇವಿ ಅಂದು ಹೋಗ್ಯಾರ. ಒಲ್ಲೆವು ಅಂದ್ರ ಅನ್ನಲಿ, ಅಂಕಿತಾ ನಕ್ಕೋಂತ ಅದಾಳ, ನನಗಷ್ಟ ಸಾಕು.

ನೀ ಬರಬೇಕು. ಮದಿಹಾನ್ನೂ ಕರಕೊಂಡು ಬಾ, ವಸೀಮಗ ಹೇಳಿ ಗಾಡಿ ಮಾಡಸ್ತೇನಿ. ಸುದೀಪ ದಿನಾ ಆಕೀ ಹೆಸರು ತಗೀತಾನ, ನಿನ್ನದೂ ತಗೀತಾನ. ‘ಅಕ್ಕೋರು ಅಳತಾರ’ ಅಂತಾನ. ಖರೇನ?

ಇಲ್ಲಿ ಮಳಿ ಹಿಡದೈತಿ, ಬಿತ್ತಿಗಿ ನಡದೈತಿ. ಈಗ ಬಾಗಿಲದಾಗ ಕುಂತು ಬರಿಯಾಕತ್ತೇನಿ. ಅಪ್ಪ ಮಗಾ ಇಬ್ಬರೂ ಹೊಲಕ್ಕ ಹೊಂಟಾರ. ಮೊದಲ ಇವರು ಮುಂದ, ಅಂವ ದೂರ ಹಿಂದ ಹೋಗತಿದ್ರು. ಈಗ ಜೋಡಿ ನಡದಾರ. ಊರ ಬಾಗಿಲದ ಅಗಸಿ ಕಟ್ಟಿಗೆ ಮಂದಿ ಕುಂತಾರ, ಇವರು ನಿಂತು ಅವರಿಗೆ, ‘ಇಂವ ನಮ್ಮ ಸುದೀಪ’ ಅಂತ ಹೇಳಾಕತ್ತಾರ. ಇಲ್ಲೀತನಕ ಕೇಳಸಾಕತ್ತೈತಿ. ಊರಾಗ ಅವನ್ನ ಅರೀದವ್ರು ಯಾರದಾರ ಸರೋಜಾ, ಇಪ್ಪತ್ತಾರು ವರ್ಷದಿಂದ ಎಲ್ಲಾರಿಗೂ ಗೊತ್ತು. ಆದ್ರೂ ಇವರು ಹೇಳಾಕತ್ತಾರ.

ನಿನ್ನ
ನೀಲಾ